ಕಾಂಚೀಪುರದ ಅತಿಥಿಯೊಂದಿಗೆ ಒಂದು ದಿನ: ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಯಾವುದು ಮೊದಲು, ಯಾವುದನ್ನು ಬಿಡಬಹುದು?

ಹುಬ್ಬಳ್ಳಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರ ಜೊತೆ ರೈಲ್ವೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಜನವರಿಯಲ್ಲಿ ಕಾಂಚೀಪುರದಿಂದ ನಮ್ಮ ಮನೆಗೆ ಬರುವವರಿದ್ದಾರೆ. ಸುತ್ತಾಟಕ್ಕೆ ಸಿಗುವುದು ಒಂದೇ ದಿನ. ಮರುದಿನ ಬೆಳಿಗ್ಗೆಯೇ ಅವರು ರೈಲು ಹಿಡಿಯಬೇಕು. ಹಂಪಿಯನ್ನು ಅವರು ಹಿಂದೆಯೇ ನೋಡಿದ್ದಾರೆ. ಈ ಸಲ ವಾತಾಪಿಯನ್ನು, ಎಂದರೆ ಇಂದಿನ ಬಾದಾಮಿಯನ್ನು, ನೋಡಲೇಬೇಕೆಂದು ಫೋನಿನಲ್ಲಿ ಅವರೇ ಹೇಳಿರುವುದರಿಂದ ಊರು ಯಾವುದೆಂಬ ಚರ್ಚೆಗೆ ಅವಕಾಶವಿಲ್ಲ.

ಅವರು ಕೈಲಾಸನಾಥ ದೇವಾಲಯದ ನೆರೆಯಲ್ಲೇ ಬೆಳೆದವರು, ಮಾಮಲ್ಲಪುರವನ್ನು ಕಲ್ಲು ಕಲ್ಲಾಗಿ ಬಲ್ಲವರು. ಒಂದು ಗೋಡೆಯ ಮುಂದೆ ಅರ್ಧ ಗಂಟೆ ನಿಂತು ಕಲ್ಲಿನ ಜೋಡಣೆ, ಅಡಿಪಾಯ, ನೀರು ಹರಿದುಹೋಗುವ ದಾರಿಯನ್ನೆಲ್ಲ ಗಮನಿಸುವ ಸ್ವಭಾವ. ಅವಸರ ಮಾಡಿಸಿದರೆ ಮುಖ ಸಣ್ಣದಾಗುತ್ತದೆ. ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಮೊಣಕಾಲಿನ ತೊಂದರೆಯಿದೆ, ಸಮತಟ್ಟಾದ ಜಾಗದಲ್ಲಿ ಎಷ್ಟು ದೂರವಾದರೂ ನಡೆಯುತ್ತಾರೆ, ಮೆಟ್ಟಿಲು ಮಾತ್ರ ಕಷ್ಟ.

ಹುಬ್ಬಳ್ಳಿಯಿಂದ ಬೆಳಿಗ್ಗೆ ಕಾರಿನಲ್ಲಿ ಹೊರಟು ರಾತ್ರಿ ಮರಳುವಂತೆ ಮೂರೂ ಊರುಗಳನ್ನು ನೋಡಿಸಲು ಸಾಧ್ಯವೇ? ಸಾಧ್ಯವಿಲ್ಲದಿದ್ದರೆ ಯಾವುದನ್ನು ಬಿಡಬೇಕು? ಇನ್ನೊಂದು ಸಂಕೋಚವೂ ಇದೆ. ಚಾಲುಕ್ಯರ ಕಥೆ ಹೇಳಲು ಹೊರಟರೆ ಪಲ್ಲವರೊಂದಿಗಿನ ಯುದ್ಧಗಳನ್ನು ಬಿಟ್ಟು ಹೇಳಲಾಗದು. ಮನೆಗೆ ಬಂದ ಹಿರಿಯರ ಮುಂದೆ ಅದು 'ನಿಮ್ಮ ರಾಜ, ನಮ್ಮ ರಾಜ' ಎಂಬ ವಾದಕ್ಕೆ ತಿರುಗಬಾರದು. ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಬಾಗಲಕೋಟೆಯ ಓದುಗ

ಮೂರೂ ಊರುಗಳ ಹೆಸರನ್ನು ಪಟ್ಟಿಯಲ್ಲಿ ಸೇರಿಸುವುದಷ್ಟೇ ಉದ್ದೇಶವಾಗಿದ್ದರೆ ಸಾಧ್ಯ. ನೀವು ವರ್ಣಿಸಿದ ಅತಿಥಿಗೆ ಅದು ಸರಿಹೋಗುವುದಿಲ್ಲ ಎಂದು ನನ್ನ ಅಭಿಪ್ರಾಯ.

ದೂರದ ಲೆಕ್ಕವನ್ನು ಮೊದಲು ನೋಡಿ. ನರಗುಂದ, ಕುಳಗೇರಿ ಕ್ರಾಸ್ ಮಾರ್ಗವಾಗಿ ಹುಬ್ಬಳ್ಳಿಯಿಂದ ಬಾದಾಮಿಗೆ ಸುಮಾರು 105 ಕಿ.ಮೀ. ಇದೆ. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆಗೆ ಮತ್ತೆ ಹದಿಮೂರು ಹದಿನಾಲ್ಕು ಕಿ.ಮೀ. ಐಹೊಳೆಯವರೆಗೆ ಹೋದರೆ ಅಷ್ಟೂ ದಾರಿಯನ್ನು ಹಿಂದಕ್ಕೆ ಬರಬೇಕು. ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮನೆ ಸೇರುವುದೆಂದು ಇಟ್ಟುಕೊಂಡರೂ, ದಾರಿ ಮತ್ತು ಊಟವನ್ನು ಕಳೆದ ಮೇಲೆ ಕಲ್ಲಿನ ಮುಂದೆ ನಿಲ್ಲಲು ಉಳಿಯುವುದು ಏಳು ಗಂಟೆಗಿಂತ ಹೆಚ್ಚಲ್ಲ. ಸ್ಮಾರಕಗಳು ಸಂಜೆ ಮುಚ್ಚುವುದರಿಂದ ಕತ್ತಲಾದ ಮೇಲಿನ ಸಮಯ ಹೇಗೂ ಲೆಕ್ಕಕ್ಕಿಲ್ಲ. ಆ ಏಳು ಗಂಟೆಯನ್ನು ಎರಡು ಊರುಗಳಿಗೆ ಹಂಚಿ, ಮೂರಕ್ಕೆ ಬೇಡ.

ಕ್ರಮದ ವಿಷಯದಲ್ಲಿ ಹೆಚ್ಚಿನವರು ಬಾದಾಮಿ ಮೊದಲು ಸಿಗುತ್ತದೆಂಬ ಕಾರಣಕ್ಕೆ ಅಲ್ಲಿಯೇ ಇಳಿದುಬಿಡುತ್ತಾರೆ. ನೀವು ಬಾದಾಮಿಯನ್ನು ದಾಟಿ ನೇರವಾಗಿ ಪಟ್ಟದಕಲ್ಲಿಗೆ ಹೋಗಿ. ಪಟ್ಟದಕಲ್ಲು ಮಲಪ್ರಭೆಯ ದಡದ ಬಯಲು. ಗುಡಿಗಳ ಒಳಗಿನ ನೆರಳನ್ನು ಬಿಟ್ಟರೆ ಬೇರೆ ನೆರಳು ಕಡಿಮೆ, ಮರಳುಗಲ್ಲು ಮಧ್ಯಾಹ್ನದ ಹೊತ್ತಿಗೆ ಜನವರಿಯಲ್ಲಿಯೂ ಕಾಯುತ್ತದೆ. ಅಲ್ಲಿನ ಮುಖ್ಯ ಗುಡಿಗಳೆಲ್ಲ ಪೂರ್ವಾಭಿಮುಖವಾಗಿರುವುದರಿಂದ ಬೆಳಗಿನ ಬಿಸಿಲಿನಲ್ಲಿ ಮುಖಮಂಟಪದ ಕೆತ್ತನೆಗಳು ಸ್ಪಷ್ಟವಾಗಿ ಕಾಣುತ್ತವೆ. ಆವರಣ ಸಮತಟ್ಟಾಗಿದೆ, ಮೊಣಕಾಲಿಗೆ ತೊಂದರೆಯಿಲ್ಲ. ಬಾದಾಮಿಯ ಗುಹಾಲಯಗಳಾದರೋ ಬೆಟ್ಟದ ಒಳಗೇ ಇವೆ; ಮಧ್ಯಾಹ್ನದ ಬಿಸಿಲಿನ ಚಿಂತೆ ಅಲ್ಲಿ ಇಲ್ಲ.

ಬಾದಾಮಿಯಲ್ಲಿ ಮೆಟ್ಟಿಲು ತಪ್ಪಿದ್ದಲ್ಲ. ಊರವರು ಮೇಣಬಸದಿ ಎನ್ನುವ ಈ ಗುಹೆಗಳು ನಾಲ್ಕು, ಮೆಟ್ಟಿಲು ಹತ್ತುತ್ತಾ ಹೋದಂತೆ ಒಂದಾದ ಮೇಲೊಂದು ಸಿಗುತ್ತವೆ. ಮೊದಲನೆಯದು ಶೈವ, ಕೆಳಗಿನಿಂದ ಸ್ವಲ್ಪವೇ ಹತ್ತಬೇಕು, ಹದಿನೆಂಟು ತೋಳುಗಳ ನಟರಾಜ ಇರುವುದು ಅಲ್ಲಿಯೇ. ಎರಡನೆಯದನ್ನು ಬಿಟ್ಟರೂ ಚಿಂತೆಯಿಲ್ಲ, ಆದರೆ ಮೂರನೆಯದನ್ನು ನಿಧಾನವಾಗಿಯಾದರೂ ಹತ್ತಿಸಿ. ಆದಿಶೇಷನ ಮೇಲೆ ಕುಳಿತ ವಿಷ್ಣು, ವರಾಹ, ತ್ರಿವಿಕ್ರಮ, ಚಾವಣಿಯ ಅಂಚಿನಲ್ಲಿ ಉಳಿದಿರುವ ಬಣ್ಣದ ಚಿತ್ರಗಳ ಕುರುಹು ಎಲ್ಲವೂ ಅಲ್ಲಿವೆ. ನಾಲ್ಕನೆಯ ಜೈನ ಗುಹೆ ಅಲ್ಲಿಂದ ಹತ್ತಿರ. ಕೈಯಲ್ಲಿ ತಿನ್ನುವ ಪದಾರ್ಥವಾಗಲಿ ಪ್ಲಾಸ್ಟಿಕ್ ಚೀಲವಾಗಲಿ ಇರಬಾರದು, ಅಲ್ಲಿನ ಮಂಗಗಳಿಗೆ ಹಿರಿಯರು ಕಿರಿಯರು ಎಂಬ ಭೇದವಿಲ್ಲ.

ಕೊನೆಗೆ ಕಾರಿನಲ್ಲಿಯೇ ಅಗಸ್ತ್ಯತೀರ್ಥ ಕೆರೆಯ ಇನ್ನೊಂದು ಬದಿಗೆ ಬಂದು ಭೂತನಾಥ ಗುಡಿಯ ಕಡೆಗೆ ನಡೆಯಿರಿ. ಜನವರಿ ಎಂದಿರುವುದರಿಂದ ಒಂದು ಎಚ್ಚರಿಕೆ: ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆ ಆರಂಭವಾಗುತ್ತದೆ, ಆಗ ಬಾದಾಮಿಯ ಸುತ್ತಲಿನ ರಸ್ತೆಗಳಲ್ಲಿ ಕಾರು ಮುಂದೆ ಸಾಗುವುದೇ ಕಷ್ಟ. ದಿನ ಗೊತ್ತುಮಾಡುವ ಮೊದಲು ಪಂಚಾಂಗ ನೋಡಿ.

ಶಾಸನಾಸಕ್ತ

ಹಿಂದಿನವರು ಹೇಳಿದ ಸಮಯದ ಲೆಕ್ಕ ಸರಿಯಾಗಿದೆ. ಆದರೆ ಕಾಂಚೀಪುರದಿಂದ ಬಂದವರಿಗೆ ಐಹೊಳೆಯನ್ನು ಬಿಡಿಸುವ ಸಲಹೆಯನ್ನು ಒಪ್ಪಲು ನನಗೆ ಮನಸ್ಸಿಲ್ಲ. ಚಾಲುಕ್ಯ–ಪಲ್ಲವರ ಕಥೆಯ ಮೊದಲ ಅಧ್ಯಾಯ ಬರೆದಿರುವುದು ಅಲ್ಲಿಯ ಮೇಗುತಿ ಜಿನಾಲಯದ ಗೋಡೆಯ ಮೇಲೆ. ಶಕ 556ರಲ್ಲಿ, ಎಂದರೆ ಕ್ರಿ.ಶ. 634–35ರಲ್ಲಿ, ರವಿಕೀರ್ತಿ ರಚಿಸಿದ ಆ ಸಂಸ್ಕೃತ ಪ್ರಶಸ್ತಿ (ಅರಸನನ್ನು ಹೊಗಳುವ ಶಾಸನ) ಚಾಲುಕ್ಯ ಅರಸ ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ವರ್ಣಿಸುತ್ತದೆ. ಹರ್ಷನ ಸೋಲಿನ ಪದ್ಯವನ್ನು ಎಲ್ಲರೂ ಉದ್ಧರಿಸುತ್ತಾರೆ. ಪುಲಕೇಶಿಯ ಸೈನ್ಯದ ಧೂಳಿನಿಂದ ಮಸುಕಾದ ಪಲ್ಲವರ ದೊರೆ ಕಾಂಚೀಪುರದ ಪ್ರಾಕಾರದ ಹಿಂದೆ ಮರೆಯಾದ ಎಂಬ ಪದ್ಯ ನಿಮ್ಮ ಅತಿಥಿಗೆ ಹೆಚ್ಚು ಹತ್ತಿರದ್ದು. ಕಾಳಿದಾಸ, ಭಾರವಿಯರ ಕೀರ್ತಿಯನ್ನು ತಾನೂ ಪಡೆದಿರುವುದಾಗಿ ರವಿಕೀರ್ತಿ ಹೇಳಿಕೊಂಡಿರುವುದು ಇದೇ ಶಾಸನದಲ್ಲಿ. ಕಾಳಿದಾಸನ ಕಾಲವನ್ನು ನಿರ್ಧರಿಸುವವರಿಗೆ ಅದೊಂದು ಗಡಿಗಲ್ಲಾಗಿದೆ.

ಆದರೆ ಮೇಗುತಿ ಇರುವುದು ಗುಡ್ಡದ ಮೇಲೆ, ಮೆಟ್ಟಿಲು ಹತ್ತದೆ ಬೇರೆ ದಾರಿಯಿಲ್ಲ. ಹಾಗಾಗಿ ಅವರ ಮೊಣಕಾಲು ಒಪ್ಪದಿದ್ದರೆ ನನ್ನ ವಾದದ ಅರ್ಧ ಬಲ ಅಲ್ಲಿಗೇ ಮುಗಿಯುತ್ತದೆ ಎಂಬುದನ್ನು ಬಲ್ಲೆ. ಆ ಸಂದರ್ಭದಲ್ಲಿ ಶಾಸನದ ಅನುವಾದವನ್ನು ಮುದ್ರಿಸಿಕೊಂಡು ಹಿಂದಿನ ರಾತ್ರಿಯೇ ಮನೆಯಲ್ಲಿ ಅವರ ಕೈಗೆ ಕೊಡಿ. ಸಂಸ್ಕೃತ ಶಾಸನವಾದರೂ ಲಿಪಿ ಹಳಗನ್ನಡದ್ದು, ಕಲ್ಲಿನ ಮುಂದೆ ನಿಂತರೂ ಸಾಮಾನ್ಯ ಓದುಗನಿಗೆ ಒಂದು ಸಾಲೂ ಒಲಿಯುವುದಿಲ್ಲ. ಓದಿಕೊಂಡು ಬಂದವರಿಗೆ ಬಾದಾಮಿಯೇ ಬೇರೆಯಾಗಿ ಕಾಣುತ್ತದೆ.

ಏಕೆಂದರೆ ಎರಡನೆಯ ಅಧ್ಯಾಯ ಬಾದಾಮಿಯದು. ಪ್ರಶಸ್ತಿಯ ಶಾಯಿ ಒಣಗುವ ಮೊದಲೇ ಎನ್ನಬಹುದಾದಷ್ಟು ಬೇಗ, ಕ್ರಿ.ಶ. 642ರ ಸುಮಾರಿಗೆ, ಪಲ್ಲವರ ಒಂದನೆಯ ನರಸಿಂಹವರ್ಮ ವಾತಾಪಿಯನ್ನು ಹಿಡಿದ. ಬಾದಾಮಿಯ ಬಂಡೆಯ ಮೇಲೆಯೇ ಅವನ ಶಾಸನವಿದೆ, ಬಹಳ ಸವೆದಿದೆ. 'ವಾತಾಪಿಕೊಂಡ' ಎಂಬ ಬಿರುದು ತಮಿಳುನಾಡಿನಲ್ಲಿ ಈಗಲೂ ಶಾಲೆಯ ಮಕ್ಕಳ ಬಾಯಲ್ಲಿದೆ. ರಾಜಧಾನಿ ಒಂದು ದಶಕಕ್ಕೂ ಹೆಚ್ಚು ಕಾಲ ಪಲ್ಲವರ ಕೈಯಲ್ಲಿತ್ತು, ಅದನ್ನು ಮರಳಿ ಪಡೆದವನು ಪುಲಕೇಶಿಯ ಮಗ ಒಂದನೆಯ ವಿಕ್ರಮಾದಿತ್ಯ. ನಿಮ್ಮ ಸಂಕೋಚಕ್ಕೆ ಉತ್ತರ ಇಲ್ಲಿಯೇ ಇದೆ ಎಂದು ನನಗನಿಸುತ್ತದೆ. ಒಂದು ಕಡೆಯ ಗೆಲುವನ್ನಷ್ಟೇ ಹೇಳಿದರೆ ವಾದ ಹುಟ್ಟುತ್ತದೆ. ಐಹೊಳೆಯ ಪದ್ಯದ ಬೆನ್ನಿಗೇ ಬಾದಾಮಿಯ ಬಂಡೆಯನ್ನೂ ಹೇಳಿದರೆ ಮಾತು ಮುಂದೆ ಸಾಗುತ್ತದೆ.

ಐಹೊಳೆಯ ಬಗ್ಗೆ ಇನ್ನೊಂದು ಮಾತು. 'ದೇವಾಲಯ ವಾಸ್ತುವಿನ ತೊಟ್ಟಿಲು' ಎಂದು ಅದನ್ನು ಪರಿಚಯಿಸಿ, ಅಲ್ಲಿಂದ ಬಾದಾಮಿ, ಬಾದಾಮಿಯಿಂದ ಪಟ್ಟದಕಲ್ಲು ಎಂಬ ಸರಳ ಏಣಿಯನ್ನು ಮಾರ್ಗದರ್ಶಕರು ಹೇಳುತ್ತಾರೆ. ಲಾಡಖಾನ ಗುಡಿಯನ್ನು ಹಿಂದೆ 5ನೇ ಶತಮಾನದ್ದೆಂದು ಭಾವಿಸಿದ್ದರಿಂದ ಹುಟ್ಟಿದ ಕ್ರಮ ಅದು. ಈಗ ವಿದ್ವಾಂಸರಲ್ಲಿ ಹೆಚ್ಚಿನವರು ಆ ಗುಡಿಯನ್ನೂ ದುರ್ಗದ ಗುಡಿಯನ್ನೂ ಬಹಳ ಈಚೆಗೆ, 7ನೇ ಶತಮಾನದ ಕೊನೆ ಅಥವಾ 8ನೇ ಶತಮಾನಕ್ಕೆ ತರುತ್ತಾರೆ. ಕಾಲ ಖಚಿತವಾಗಿರುವುದು ಬಾದಾಮಿಯ ಮೂರನೆಯ ಗುಹೆಗೆ: ಚಾಲುಕ್ಯ ಅರಸ ಮಂಗಲೇಶನ ಶಾಸನ ಶಕ 500, ಎಂದರೆ ಕ್ರಿ.ಶ. 578 ಎಂದು ಸ್ಪಷ್ಟವಾಗಿ ಹೇಳುತ್ತದೆ. ಎಂಜಿನಿಯರ್ ಆದವರು ಏಣಿಯ ಕಥೆಯನ್ನು ಕೇಳಿ ಸುಮ್ಮನಿರಲಾರರು, ಆದ್ದರಿಂದ ಹೇಳಿದೆ.

ಕೆಂಗಲ್ಲು

ಐಹೊಳೆಯ ವಾದದಲ್ಲಿ ನಾನು ಬಾಗಲಕೋಟೆಯವರ ಪಕ್ಷ. ಕಾರಣ ಸಮಯವಲ್ಲ; ಕೈಲಾಸನಾಥವನ್ನು ನೋಡಿ ಬೆಳೆದ ಕಣ್ಣಿಗೆ ಪಟ್ಟದಕಲ್ಲೊಂದೇ ಅರ್ಧ ದಿನವನ್ನು ಬೇಡುತ್ತದೆ. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಗುಂಪನ್ನು ಪ್ರವಾಸಿಗರು ಮುಕ್ಕಾಲು ಗಂಟೆಯಲ್ಲಿ ಮುಗಿಸುವುದನ್ನು ಕಂಡರೆ ಬೇಸರವಾಗುತ್ತದೆ.

ಮೊದಲು ಸಂಗಮೇಶ್ವರಕ್ಕೆ ಕರೆದುಕೊಂಡು ಹೋಗಿ. ಚಾಲುಕ್ಯ ಅರಸ ವಿಜಯಾದಿತ್ಯನ ಕಾಲದ್ದು, 733ರ ಒಳಗಿನದು, ಗೋಡೆಗಳು ಗಂಭೀರವಾಗಿವೆ, ಅಲಂಕಾರ ಮಿತವಾಗಿದೆ. ಅನಂತರ ವಿರೂಪಾಕ್ಷ. ಇಮ್ಮಡಿ ವಿಕ್ರಮಾದಿತ್ಯ ಕಾಂಚಿಯನ್ನು ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಪಕ್ಕದ ಮಲ್ಲಿಕಾರ್ಜುನ ಅವಳ ತಂಗಿ, ಅದೇ ಅರಸನ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಒಬ್ಬನೇ ಅರಸನ ಕಾಲದಲ್ಲಿ ಒಂದರ ಪಕ್ಕ ಒಂದು ಎದ್ದ ಈ ಎರಡು ಗುಡಿಗಳು ಮೊದಲ ನೋಟಕ್ಕೆ ಒಂದೇ ಅಚ್ಚಿನಂತೆ ಕಾಣುತ್ತವೆ. ಶಿಖರದ ತುದಿಯನ್ನು ನೋಡಿದರೆ ವಿರೂಪಾಕ್ಷದ್ದು ಚೌಕ, ಮಲ್ಲಿಕಾರ್ಜುನದ್ದು ದುಂಡು. ಅತಿಥಿಗೆ ಹೇಳಬೇಡಿ, ಅವರೇ ಕಂಡುಕೊಳ್ಳಲಿ.

ವಿರೂಪಾಕ್ಷದ ಮಾದರಿ ಕಾಂಚಿಯ ಕೈಲಾಸನಾಥವೇ ಎಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಹೌದೇ, ಎಷ್ಟರ ಮಟ್ಟಿಗೆ ಹೌದು ಎಂದು ಅಲ್ಲಿ ನಿಂತು ಪರೀಕ್ಷಿಸಲು ನಿಮ್ಮ ಅತಿಥಿಗಿಂತ ಅರ್ಹರು ಸಿಗುವುದು ಕಷ್ಟ. ಅಂತಸ್ತು ಅಂತಸ್ತಾಗಿ ಏರುವ ವಿಮಾನ (ಗರ್ಭಗುಡಿಯ ಮೇಲಿನ ಗೋಪುರ), ಸುತ್ತಲಿನ ಪ್ರಾಕಾರ, ಪ್ರಾಕಾರಕ್ಕೆ ಒರಗಿದ್ದ ಚಿಕ್ಕ ಚಿಕ್ಕ ಗುಡಿಗಳ ಸಾಲು, ಇವು ಅವರಿಗೆ ಕೂಡಲೇ ಪರಿಚಿತವೆನಿಸುತ್ತವೆ. ಕಾಂಚಿಯಲ್ಲಿ ಆ ಸಾಲು ಬಹುಮಟ್ಟಿಗೆ ಪೂರ್ಣವಾಗಿದೆ, ಇಲ್ಲಿ ಕೆಲವೇ ಉಳಿದಿವೆ. ಕಾಂಚಿಯ ಗೋಡೆಗಳಲ್ಲಿ ಮುಂಗಾಲೆತ್ತಿ ನಿಂತ ಸಿಂಹಗಳ ಸಾಲನ್ನು ಅವರು ಇಲ್ಲಿ ಹುಡುಕುತ್ತಾರೆ, ಸಿಗುವುದಿಲ್ಲ. ಬದಲಿಗೆ ವಿಮಾನದ ಮುಂಭಾಗದಲ್ಲಿ ಚಾಚಿಕೊಂಡ ಶುಕನಾಸಿ ಇದೆ, ಅದು ಪಲ್ಲವರಲ್ಲಿ ಇಲ್ಲ. ಒಳಗೆ ಗರ್ಭಗುಡಿಯ ಸುತ್ತ ಪ್ರದಕ್ಷಿಣಾಪಥ, ಅದಕ್ಕೆ ಬೆಳಕು ಕೊಡುವ ಜಾಲಂಧ್ರಗಳು. ಮಂಟಪದ ಕಂಬಗಳ ಮೇಲಿನ ರಾಮಾಯಣ, ಮಹಾಭಾರತದ ಕಥಾಪಟ್ಟಿಕೆಗಳನ್ನು ಓದಲು ಟಾರ್ಚ್ ಬೇಕು; ಒಳಗೆ ಬೆಳಕು ಕಡಿಮೆ. ಇಲ್ಲಿ ಪೂಜೆ ಈಗಲೂ ನಡೆಯುತ್ತದೆ, ಪಾದರಕ್ಷೆ ಹೊರಗೆ ಬಿಡಬೇಕು.

ಅವರಿಗೆ ನಿಜವಾಗಿ ಹೊಸದಾಗಿ ಕಾಣುವುದು ಇದಲ್ಲ. ಗಳಗನಾಥ, ಕಾಶಿವಿಶ್ವನಾಥ ಗುಡಿಗಳ ರೇಖಾನಾಗರ ಶಿಖರಗಳು, ಗಳಗನಾಥದ ನೆತ್ತಿಯ ಮೇಲಿನ ನೆಲ್ಲಿಕಾಯಿಯಂಥ ಆಮಲಕ, ಇವೆಲ್ಲ ಉತ್ತರದ ಕ್ರಮ. ಕಾಂಚಿಯಲ್ಲಿ ಒಂದೂ ಇಲ್ಲ. ಇಲ್ಲಿ ಕಾಶಿವಿಶ್ವನಾಥ ಮಲ್ಲಿಕಾರ್ಜುನಕ್ಕೆ ಹೆಗಲೊರಗಿ ನಿಂತಿದೆ. ಎರಡರ ನಡುವೆ ನಿಂತು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಲೆಯೆತ್ತಿ ನೋಡಿದರೆ ಎರಡು ಕಟ್ಟಡ ಪರಂಪರೆಗಳನ್ನು ಕತ್ತು ತಿರುಗಿಸುವಷ್ಟರಲ್ಲಿ ಹೋಲಿಸಬಹುದು. ನಡೆಯಲು ಉತ್ಸಾಹವಿದ್ದರೆ ದಕ್ಷಿಣಕ್ಕಿರುವ ಪಾಪನಾಥಕ್ಕೂ ಹೋಗಿ. ಅಲ್ಲಿ ಶಿಖರ ನಾಗರ, ಗೋಡೆಯ ವಿನ್ಯಾಸದಲ್ಲಿ ದ್ರಾವಿಡದ ಅಂಶಗಳು. ಅದು ಯಶಸ್ವಿಯಾಯಿತೇ ಎಂಬ ಬಗ್ಗೆ ನನಗೆ ಅನುಮಾನವಿದೆ, ಶಿಖರ ಆ ಉದ್ದನೆಯ ಮೈಗೆ ಚಿಕ್ಕದಾಯಿತು ಎನಿಸುತ್ತದೆ.

ಹುಬ್ಬಳ್ಳಿವಾಸಿ

ಮೂವರಿಗೂ ಕೃತಜ್ಞತೆಗಳು. ಪಟ್ಟದಕಲ್ಲು ಬೆಳಿಗ್ಗೆ, ಬಾದಾಮಿ ಮಧ್ಯಾಹ್ನ ಎಂದು ನಿಶ್ಚಯಿಸಿದ್ದೇವೆ. ಐಹೊಳೆಯ ಶಾಸನದ ಇಂಗ್ಲಿಷ್ ಅನುವಾದವನ್ನು ಅವರಿಗೆ ಮೊದಲೇ ಕಳುಹಿಸುತ್ತೇನೆ. ಎರಡು ಸಂದೇಹಗಳು ಉಳಿದಿವೆ. ನಿನ್ನೆ ಫೋನಿನಲ್ಲಿ ಅವರು, ವಾತಾಪಿಯಿಂದ ಪಲ್ಲವ ಸೇನಾಪತಿ ತಂದ ಗಣಪತಿ ತಮ್ಮ ಕಡೆ ಇರುವುದಾಗಿಯೂ, ಅದರ ಮೂಲಸ್ಥಾನವನ್ನು ಬಾದಾಮಿಯಲ್ಲಿ ತೋರಿಸಬೇಕೆಂದೂ ಕೇಳಿದರು. ಏನನ್ನು ತೋರಿಸಬೇಕು? ಜೊತೆಗೆ, ವಿರೂಪಾಕ್ಷದಲ್ಲಿ ಕಾಂಚಿಯ ಹೆಸರಿರುವ ಶಾಸನ ನಿಖರವಾಗಿ ಎಲ್ಲಿದೆ? ನಮಗೆ ಅನುಕೂಲವಾಗಿರುವುದು ಒಂದು ಶುಕ್ರವಾರ.

ಶಾಸನಾಸಕ್ತ

ಶುಕ್ರವಾರವಾದರೆ ಬಾದಾಮಿಯ ಪುರಾತತ್ತ್ವ ವಸ್ತುಸಂಗ್ರಹಾಲಯಕ್ಕೆ ರಜೆ. ಗುಹೆಗಳು, ಗುಡಿಗಳು ತೆರೆದಿರುತ್ತವೆ. ನಾಗನಾಥಕೊಳ್ಳದಲ್ಲಿ ದೊರೆತ ಲಜ್ಜಾಗೌರಿಯ ಶಿಲ್ಪ ಆ ಸಂಗ್ರಹಾಲಯದಲ್ಲಿದೆ. ಮೆಟ್ಟಿಲಿನ ಶ್ರಮವಿಲ್ಲದೆ ನೋಡಬಹುದಾದ ಜಾಗವೂ ಹೌದು, ಆದ್ದರಿಂದ ಸಾಧ್ಯವಿದ್ದರೆ ದಿನ ಬದಲಿಸಿ.

ಗಣಪತಿಯ ವಿಷಯದಲ್ಲಿ ಯಾವ ಗೂಡನ್ನೂ 'ಇದೇ' ಎಂದು ತೋರಿಸಬೇಡಿ. ಸೇನಾಪತಿ ಪರಂಜೋತಿ ವಾತಾಪಿಯಿಂದ ವಿಗ್ರಹವನ್ನು ತಂದು ತಿರುಚ್ಚೆಂಗಾಟ್ಟಂಕುಡಿಯಲ್ಲಿ ಇರಿಸಿದ ಎಂಬುದು ಆ ಕಡೆಯ ಬಲವಾದ ಐತಿಹ್ಯ. ಅದಕ್ಕೆ ಸಮಕಾಲೀನ ಶಾಸನದ ಆಧಾರವಿಲ್ಲ. ಸೇನಾಪತಿಯ ಕಥೆಯನ್ನು ವಿಸ್ತಾರವಾಗಿ ಹೇಳುವ 12ನೇ ಶತಮಾನದ ತಮಿಳು ಪುರಾಣದಲ್ಲಿಯೂ ವಾತಾಪಿಯ ನಾಶ ಬರುತ್ತದೆ, ವಿಗ್ರಹದ ಪ್ರಸ್ತಾಪ ಬರುವುದಿಲ್ಲ. ಹಿರಿಯರ ಭಕ್ತಿಗೆ ಎದುರು ಮಾತನಾಡುವ ಅಗತ್ಯವೂ ಇಲ್ಲ; ಮೊದಲನೆಯ ಗುಹೆಯಲ್ಲಿ ನಟರಾಜನ ಪಕ್ಕದಲ್ಲಿ ಗಣಪತಿಯ ಒಂದು ಶಿಲ್ಪವಿದೆ, ಆರನೆಯ ಶತಮಾನದ ವಾತಾಪಿಯ ಶಿಲ್ಪಿಗಳು ಗಣಪತಿಯನ್ನು ಹೇಗೆ ಕಂಡರೆಂದು ಅದು ತೋರಿಸುತ್ತದೆ. ಕೇಳಿದರೆ ಅಷ್ಟು ಹೇಳಿ.

ವಿರೂಪಾಕ್ಷದ ಶಾಸನ ಪೂರ್ವದ ದ್ವಾರದಲ್ಲಿದೆ, ನದಿಯ ಕಡೆಗೆ ತೆರೆಯುವ ಬಾಗಿಲು. ಪ್ರವಾಸಿಗರು ಒಳಬರುವುದು ಬೇರೆ ದಿಕ್ಕಿನಿಂದ ಆದ್ದರಿಂದ ನಂದಿಮಂಟಪವನ್ನು ದಾಟಿ ಅಲ್ಲಿಗೆ ಹೋಗಬೇಕು. ಕಾಂಚಿಯನ್ನು ಮೂರು ಬಾರಿ ಸೋಲಿಸಿದ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿಯ ಈ ಗುಡಿಯನ್ನು ಕಟ್ಟಿದ ಸೂತ್ರಧಾರಿ ಗುಂಡ ಅನಿವಾರಿತಾಚಾರಿ ಎಂದು ಹಳಗನ್ನಡದಲ್ಲಿ ಬರೆದಿದೆ. ಕಟ್ಟಿದವನ ಹೆಸರು ಕಲ್ಲಿನಲ್ಲಿ ಉಳಿಯುವುದು ಅಪರೂಪ, ಎಂಜಿನಿಯರರಿಗೆ ಇದನ್ನು ಮೊದಲು ಹೇಳಿ.

ಇದಕ್ಕೆ ಜೋಡಿ ಶಾಸನ ಅವರ ಊರಿನಲ್ಲೇ ಇದೆ. ಕೈಲಾಸನಾಥದ ಮುಂಭಾಗದಲ್ಲಿರುವ ಮಂಟಪದ ಕಂಬವೊಂದರ ಹಿಂಬದಿಯಲ್ಲಿ ಇದೇ ವಿಕ್ರಮಾದಿತ್ಯ ಕನ್ನಡದಲ್ಲಿ ಬರೆಯಿಸಿದ್ದಾನೆ: ಕಾಂಚಿಯನ್ನು ಗೆದ್ದರೂ ರಾಜಸಿಂಹೇಶ್ವರದ (ಕೈಲಾಸನಾಥದ ಆಗಿನ ಹೆಸರು) ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟ ವಿವರ ಅಲ್ಲಿದೆ. ಅಲ್ಲಿಯೇ ಬೆಳೆದವರಾದರೂ ಕನ್ನಡ ಓದಲು ಬಾರದೆಂದು ನೀವು ಹೇಳಿರುವುದರಿಂದ, ಆ ಕಂಬದ ಸಂಗತಿ ಅವರಿಗೆ ತಿಳಿದಿರದೆ ಇರಬಹುದು. ಪೂರ್ವದ್ವಾರದ ಶಾಸನದ ಫೋಟೊ ತೆಗೆದುಕೊಳ್ಳಲು ಹೇಳಿ. ಬೆಳಿಗ್ಗೆ ಹತ್ತರ ಒಳಗಾದರೆ ಓರೆ ಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಮೂಡುತ್ತವೆ, ಊರಿಗೆ ಹೋಗಿ ಆ ಕಂಬದ ಅಕ್ಷರಗಳ ಜೊತೆ ಹೋಲಿಸಿ ನೋಡಬಹುದು.